ಉಲ್ಟಾ ಪುಸ್ತಕದ ನೇಮ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಬೇಕು ಎಂದು ನಂಬಿಕೊಂಡು ಬಂದವನು ನಾನು. ಪಕ್ಕದ ಮನೆಯವರು ಹೊಸ ಟ್ರ್ಯಾಕ್ಟರ್ ತಂದರೆ ಪಡಬಹುದು, ಅದರಲ್ಲಿ ಅವಮಾನವೇನಿಲ್ಲ. ನನಗಿಂತ ಕಿರಿಯ ಮಾಸ್ತರನೊಬ್ಬ ನನಗಿಂತ ಮೊದಲು ಹೆಡ್‌ಮಾಸ್ತರನಾದರೆ ಪಡಲೇಬೇಕು. ಪಡದಿದ್ದರೆ ಸ್ಟಾಫ್ ರೂಮಿನಲ್ಲಿ ಉಳಿದವರು ನನಗೇನೋ ಕಾಯಿಲೆ ಬಂದಿದೆ ಎಂದುಕೊಳ್ಳುತ್ತಾರೆ. ಇವೆಲ್ಲ ಮರ್ಯಾದಸ್ತರ ಹೊಟ್ಟೆಕಿಚ್ಚುಗಳು, ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಾದಂಥವು. ಆದರೆ ತಲೆಗೂದಲು ಅರ್ಧ ನೆರೆತ, ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ, ಊರಿನಲ್ಲಿ 'ಸರ್' ಎನಿಸಿಕೊಂಡ ಗಂಡಸೊಬ್ಬ ಒಂದು ಜಪಾನಿ ಚಿತ್ರಕಥೆಯ ಪುಸ್ತಕದ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಅದನ್ನು ಯಾರ ಮುಂದೆ ಹೇಳಬೇಕು? ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ. ನೀವು ನಮ್ಮೂರಿನವರಲ್ಲ ಎಂಬ ಧೈರ್ಯ ನನಗಿದೆ.

ನಮ್ಮೂರು ಶೇಡಬಾಳ. ನಮ್ಮದು ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಜೈನರ ಮನೆ. ಈ ಪದ್ಧತಿಯಿಂದ ಆರೋಗ್ಯಕ್ಕೆ ಆಗುವ ಲಾಭಗಳ ಬಗ್ಗೆ ಈಚೆಗೆ ಮೊಬೈಲಿನಲ್ಲಿ ಕಂಡಕಂಡವರೆಲ್ಲ ಭಾಷಣ ಮಾಡುತ್ತಾರೆ. ಅದರ ಒಂದು ತೊಂದರೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಊಟ ಮುಗಿದ ಮೇಲೆ ಮಲಗುವ ತನಕ ಉಳಿಯುವ ಸಂಜೆ ವಿಪರೀತ ಉದ್ದ. ಉಳಿದವರ ಮನೆಗಳಲ್ಲಿ ಜನ ಆ ಹೊತ್ತಿಗೆ ಇನ್ನೂ ಪಲ್ಯಕ್ಕೆ ಏನು ಮಾಡೋಣ ಎಂದು ಚರ್ಚಿಸುತ್ತಿರುತ್ತಾರೆ. ನಮ್ಮ ಮನೆಯಲ್ಲಿ ಪಾತ್ರೆ ತೊಳೆದು ಬೋರಲು ಹಾಕಿ, ಪಡಸಾಲೆಯಲ್ಲಿ ಮೂರು ಜನ ಮೂರು ಕಡೆ ಕೂತಿರುತ್ತೇವೆ. ಆ ಮೂವರೆಂದರೆ ನಾನು, ನನ್ನ ಅವ್ವ, ನನ್ನ ಹೆಂಡತಿ ಸುನಂದಾ. ಈ ಉದ್ದನೆಯ ಸಂಜೆಯಲ್ಲಿ ಇಷ್ಟು ವರ್ಷ ನಾನು ನಡೆಸಿಕೊಂಡು ಬಂದದ್ದು ಒಂದು ಕೋರ್ಟು.

ಕೋರ್ಟು ಎಂದರೆ ದೊಡ್ಡದೇನಲ್ಲ. ಸುನಂದಾ ಒಳಗೆ ಹೋದಾಗ ಅವ್ವ ನನ್ನ ಹತ್ತಿರ ಸರಿದು, "ನಿನ್ನ ಹೇಂತಿ ಪಲ್ಯಾಕ್ಕ ಎಣ್ಣಿ ಸುರುವೂದ ನೋಡಿದ್ರ ನಮ್ಮ ಹೊಲದಾಗ ಎಣ್ಣಿ ಬಾವಿ ಐತಿ ಅನ್ನಬೇಕ" ಎನ್ನುವಳು. ನಾನು ಗಂಭೀರವಾಗಿ ತಲೆಯಾಡಿಸಿ, "ನಿಂದ ಖರೆ ಐತಿ ಬಿಡವ್ವಾ" ಎನ್ನುವೆ. ಅವ್ವ ಹಿತ್ತಲಿಗೆ ಹೋದಾಗ ಸುನಂದಾ ಬಂದು, "ನಾ ಮಡಚಿಟ್ಟ ಅರಿವಿ ಅತ್ತ್ಯಾರು ಮತ್ತ ಬಿಚ್ಚಿ ಮಡಚ್ತಾರ್ರಿ. ನನಗೇನ ಅರಿವಿ ಮಡಚಾಕ ಬರೂದಿಲ್ಲೇನು?" ಎನ್ನುವಳು. "ನಿಂದ ಖರೆ" ಎಂದು ಅವಳಿಗೂ ಹೇಳುವೆ. ಎರಡೂ ಕಡೆ ತೀರ್ಪು ಕೊಟ್ಟ ನ್ಯಾಯಾಧೀಶನಿಗೆ ಎರಡೂ ಕಡೆಯಿಂದ ಮರ್ಯಾದೆ ಇರುತ್ತದೆ. ಒಬ್ಬಳು ಶೇಂಗಾ ಹುರಿದು ಕೊಡುತ್ತಾಳೆ, ಇನ್ನೊಬ್ಬಳು ತನ್ನ ಪಾಲಿನ ಬೆಲ್ಲದ ಚೂರು ನನಗೆ ದಾಟಿಸುತ್ತಾಳೆ. ಊಟವಾದ ಮೇಲೆ ಹೊತ್ತು ಮುಳುಗುವುದರೊಳಗೆ ತಿನ್ನಬೇಕಾದ್ದರಿಂದ ಇದೆಲ್ಲ ಸ್ವಲ್ಪ ಅವಸರದಲ್ಲಿ ನಡೆಯುತ್ತಿತ್ತು ಎಂಬುದನ್ನು ಬಿಟ್ಟರೆ, ಬೇರೆ ಕೊರತೆ ಏನೂ ಇರಲಿಲ್ಲ. ಆ ಮನೆಯಲ್ಲಿ ಇಬ್ಬರಿಗೂ ಮಾತನಾಡಲು ಇದ್ದ ಒಬ್ಬನೇ ಮನುಷ್ಯ ನಾನು. ಅದು ಎಂಥ ದೊಡ್ಡ ಪದವಿ ಎಂಬುದು ಅದು ಕೈಬಿಟ್ಟು ಹೋದ ಮೇಲೆಯೇ ನನಗೆ ತಿಳಿದದ್ದು.

ಅದನ್ನು ಕಸಿದುಕೊಂಡ ಪುಸ್ತಕ ನಿಪ್ಪಾಣಿಯಿಂದ ಬಂತು. ಅಲ್ಲಿ ಸುನಂದಾಳ ತಂಗಿಯ ಮನೆಯಿದೆ. ಆ ತಂಗಿಯ ಮಗಳು ಕೊಲ್ಲಾಪುರದಲ್ಲಿ ಕಾಲೇಜು ಓದುತ್ತಾಳೆ. ಹುಡುಗಿ ಊಟಕ್ಕೆ ಕೊಟ್ಟ ದುಡ್ಡಿನಲ್ಲಿ ಪುಸ್ತಕ ಕೊಳ್ಳುತ್ತಾಳೆ ಎಂಬುದು ತಾಯಿಯ ದೂರು. ಸುನಂದಾ ಕಾಗವಾಡದ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಅವಳ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಪುಸ್ತಕ ಕಂಡರೆ ಜ್ವರ ಬರುತ್ತದೆ. ಚಿತ್ರ ಇದ್ದರೆ ಓದಿಯಾರು ಎಂದು ಇವಳೇ ಆ ಹುಡುಗಿಯನ್ನು ಕೇಳಿದಳು. ಜೂನ್ ತಿಂಗಳಲ್ಲಿ ಒಂದು ಚೀಲ ಬಂತು. ಒಳಗೆ ಮೂರು ಪುಸ್ತಕ, ಜಪಾನಿನವರು ಮಾಂಗಾ ಎನ್ನುತ್ತಾರಲ್ಲ, ಅವು. ಜೊತೆಗೆ ದೊಡ್ಡಮ್ಮನಿಗೆ ಹುಡುಗಿಯ ಫೋನು: "ಮಾವಶಿ, ಮೊದಲಿನ ಮೂರೂ ಥೋಡೆ ಬೋರ್ ಅದಾವ. ಆದ್ರ ಬಿಡಬ್ಯಾಡ. ಮುಂದ ಭಾರಿ ಐತಿ." ಆ ಮಾತು ಕೇಳಿ ನಾನು ನಕ್ಕೆ. ಮುಂದೆ ಚೆನ್ನಾಗಿರುತ್ತದೆ ಎಂದು ಮೂರು ಪುಸ್ತಕ ಬೋರು ಹೊಡೆಸಿಕೊಂಡು ಕೂರುವ ಮೂರ್ಖರು ಯಾರಿದ್ದಾರೆ ಎಂದು ಜೋರಾಗಿಯೇ ಕೇಳಿದೆ. ಅಂಥವರು ನನ್ನ ಮನೆಯಲ್ಲೇ ಇಬ್ಬರಿದ್ದರು.

ಮೊದಲನೆಯ ಪುಸ್ತಕವನ್ನು ಓದಿದವನು ಮಾತ್ರ ನಾನೇ. ಕನ್ನಡ ಮಾಸ್ತರ, ಮನೆಗೆ ಬಂದ ಕಥೆಯನ್ನು ಮೊದಲು ಪರೀಕ್ಷಿಸುವ ಹಕ್ಕು ನನ್ನದು. ಒಂದೇ ಪಟ್ಟಿಗೆ ಓದಿ ಮುಗಿಸಿ ಪಡಸಾಲೆಯಲ್ಲಿ ಉಪನ್ಯಾಸ ಶುರು ಮಾಡಿದೆ. ಕಥೆಗೆ ತಲೆ ಬುಡ ಇಲ್ಲ. ಮುಳ್ಳಿನಂಥ ಕೂದಲಿನ ಹುಡುಗನೊಬ್ಬ ಸತ್ತ ರಾಕ್ಷಸನ ಮುಂದೆ ನಿಂತಿರುತ್ತಾನೆ. ಆಮೇಲೆ ರಾಕ್ಷಸ ಎದ್ದು ಕೂರುತ್ತಾನೆ, ಹುಡುಗ ಹಿಂದಕ್ಕೆ ಸರಿಯುತ್ತಾನೆ, ಕೊನೆಗೆ ರಾಕ್ಷಸ ಆಕಾಶಕ್ಕೆ ವಾಪಸ್ ಹೋಗುತ್ತಾನೆ, ಹುಡುಗ ಅವ್ವನ ಮಡಿಲಿನಲ್ಲಿ ಮಲಗುತ್ತಾನೆ. ಆದರೂ ಕಾಲವನ್ನು ಹಿಂದುಮುಂದು ಮಾಡುವ ತಂತ್ರ ಚೆನ್ನಾಗಿದೆ, ನಮ್ಮ ನವ್ಯರು ಇಷ್ಟು ಧೈರ್ಯ ಮಾಡಿರಲಿಲ್ಲ, ಎಂದು ಸ್ವಲ್ಪ ಮಾರ್ಕು ಕೂಡ ಕೊಟ್ಟೆ. ಸುನಂದಾ ಎಲ್ಲವನ್ನೂ ಶಾಂತವಾಗಿ ಕೇಳಿ, "ಅದನ್ನ ಬಲಗಡಿಂದ ಎಡಕ್ಕ ಓದಬೇಕ್ರಿ. ನೀವು ಹಿಂದಿಂದ ಓದೀರಿ" ಎಂದಳು. ಅವ್ವ ನಕ್ಕ ನಗು ಮೂರು ಮನೆಗೆ ಕೇಳಿಸಿತು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಉಲ್ಟಾ ಪುಸ್ತಕ ಎಂದಾಯಿತು. ನನ್ನ ಮೊದಲ ದ್ವೇಷ ಹುಟ್ಟಿದ್ದು ಅಲ್ಲೇ ಇರಬೇಕು.

ನೆಟ್ಟಗೆ ಓದಿದರೂ ಕಥೆ ಅಷ್ಟಕ್ಕಷ್ಟೇ. ಅದೊಂದು ದೇಶ, ಅಲ್ಲಿ ಹೊಳೆಗಳು ಆಕಾಶದಲ್ಲಿ ಹರಿಯುತ್ತವೆ. ಆ ಹೊಳೆಗಳಿಂದ ರಾಕ್ಷಸರು ಕೆಳಗೆ ಇಳಿದು ಬಂದು ಊರು ಹಾಳು ಮಾಡುತ್ತಾರೆ. ಮುಳ್ಳುಗೂದಲಿನ ಹುಡುಗನ ಹತ್ತಿರ ಅವನಿಗಿಂತ ಉದ್ದದ ಕತ್ತಿ. ರಾಕ್ಷಸ ಬರುತ್ತಾನೆ, ಹುಡುಗ ಅರಚುತ್ತಾನೆ, ಕತ್ತಿ ಹೊಳೆಯುತ್ತದೆ, ರಾಕ್ಷಸ ಬೀಳುತ್ತಾನೆ, ಹುಡುಗ ಊಟ ಮಾಡುತ್ತಾನೆ. ಇನ್ನೊಬ್ಬ ರಾಕ್ಷಸ ಬರುತ್ತಾನೆ. ಮೂರು ಪುಸ್ತಕದ ತುಂಬ ಇಷ್ಟೇ. ಅವ್ವನಿಗೆ ಇಂಗ್ಲಿಷ್ ಬಾರದು. ಅವಳು ಚಿತ್ರ ನೋಡುವುದು, ಸುನಂದಾ ಪಕ್ಕದಲ್ಲಿ ಕೂತು ಗುಳ್ಳೆಯೊಳಗಿನ ಮಾತುಗಳನ್ನು ನಮ್ಮ ಭಾಷೆಯಲ್ಲಿ ಹೇಳುವುದು, ಹೀಗೆ ಶುರುವಾಯಿತು. ಅವ್ವನಿಗೂ ಅದು ಮೊದಮೊದಲು ರುಚಿಸಲಿಲ್ಲ. "ಏನ್ ಹಿಂಸಾ ಬೇ ಇದು! ಬರೇ ಕಡಿಯೂದು, ಕಡಿಯೂದು. ಆ ರಾಕ್ಷಸಗೂ ಜೀವ ಇರತೈತೋ ಇಲ್ಲೋ?" ಎನ್ನುವಳು. ಇರುವೆಯ ಸಾಲು ಕಂಡರೆ ಸುತ್ತು ಹಾಕಿಕೊಂಡು ಹೋಗುವವಳು ಅವಳು. ಹಾಗಿದ್ದೂ ಬಿಡಲಿಲ್ಲ. "ಮುಂದ ಚಲೋ ಆಗತೈತಂತ ಆ ಹುಡುಗಿ ಹೇಳ್ಯಾಳಲ್ಲ, ನೋಡೂಣು" ಎಂದು ಮರುದಿನ ಮತ್ತೆ ಕೂರುವಳು. ನನಗೆ ಉರಿದದ್ದು ಇದಕ್ಕೆ. ನಾನು ಒಂದು ಸಂಗತಿ ಹೇಳಲು ಶುರು ಮಾಡಿದರೆ ಎರಡನೆಯ ವಾಕ್ಯಕ್ಕೆ ಇಬ್ಬರೂ ಆಕಳಿಸುತ್ತಾರೆ. ಮುಂದೆ ಚೆನ್ನಾಗುತ್ತೇನೆಂದು ನನ್ನನ್ನು ಯಾರೂ ಕಾದದ್ದಿಲ್ಲ. ಆ ಜಪಾನಿನವನಿಗೆ ಮಾತ್ರ ಮೂರು ಪುಸ್ತಕದಷ್ಟು ತಾಳ್ಮೆ.

ಇನ್ನು ನನ್ನ ಕೋರ್ಟಿನ ಗತಿ ಕೇಳಬೇಡಿ. ಅತ್ತೆ ಸೊಸೆ ಒಂದೇ ಚಾಪೆಯ ಮೇಲೆ ಕೂತು ಒಂದೇ ಪುಸ್ತಕಕ್ಕೆ ಬಾಗಿದ ಮೇಲೆ ತಕರಾರು ಎಲ್ಲಿಂದ ಬರಬೇಕು? ಪಲ್ಯದಲ್ಲಿ ಎಣ್ಣೆ ಮೊದಲಿನಷ್ಟೇ ಇತ್ತು; ಅವ್ವ ಮಾತ್ರ ಆ ಬಗ್ಗೆ ಚಕಾರ ಎತ್ತಲಿಲ್ಲ. ಒಂದು ದಿನ ತಡೆಯಲಾರದೆ ನಾನೇ, "ಅವ್ವಾ, ಪಲ್ಯಾದಾಗ ಎಣ್ಣಿ ಭಾಳ ಆಗೇತಲ್ಲ?" ಎಂದೆ. "ಚಲೋ ಐತಿ, ಸುಮ್ನ ಉಣ್ಣು" ಎಂದಳು. ನಲವತ್ತು ದಾಟಿದ ಮೇಲೆ ಕೆಲಸ ಕಳೆದುಕೊಂಡವರ ಸಂಕಟ ಏನೆಂದು ಆ ಗಳಿಗೆಯಲ್ಲಿ ನನಗೆ ಅರ್ಥವಾಯಿತು.

ಮೂರನೆಯ ಪುಸ್ತಕದ ಕೊನೆಯಲ್ಲಿ ಹುಡುಗನ ಕತ್ತಿ ಎರಡು ತುಂಡಾಯಿತು. ಅದನ್ನು ನಾನೂ ಓದಿದೆ, ಈ ಸಲ ಸರಿಯಾದ ಕಡೆಯಿಂದ. ಕತ್ತಿಯ ಜೊತೆ ಕಥೆಯೂ ಮುರಿಯಿತು ಎಂದು ಒಳಗೊಳಗೇ ಖುಷಿಪಟ್ಟೆ. ಕತ್ತಿ ಒಂದನ್ನು ಬಿಟ್ಟರೆ ಆ ಹುಡುಗನ ಹತ್ತಿರ ಇದ್ದದ್ದೇನು? ಅಷ್ಟರಲ್ಲಿ ಚಾತುರ್ಮಾಸ ಬಂತು.

ಚಾತುರ್ಮಾಸ ಎಂದರೆ ಮಳೆಗಾಲದ ನಾಲ್ಕು ತಿಂಗಳು. ಮುನಿಗಳು ಆಗ ಸಂಚಾರ ನಿಲ್ಲಿಸಿ ಒಂದೇ ಊರಿನಲ್ಲಿ ಇರುತ್ತಾರೆ. ನಮ್ಮ ಕಡೆಯಲ್ಲಿ ಅವರನ್ನು ಮಹಾರಾಜರು ಎನ್ನುತ್ತೇವೆ. ಅವರ ಎದುರು ಮನೆಮನೆಯವರು ನಿಂತು, ದೀಪಾವಳಿಯವರೆಗೆ ತಾವು ಇಂಥದೊಂದನ್ನು ಬಿಟ್ಟಿದ್ದೇವೆ ಎಂದು ನೇಮ ಹಿಡಿಯುತ್ತಾರೆ. ಒಬ್ಬರು ತುಪ್ಪ ಬಿಡುತ್ತಾರೆ, ಒಬ್ಬರು ಸೊಪ್ಪು ಬಿಡುತ್ತಾರೆ, ಗಟ್ಟಿಗರು ಒಪ್ಪೊತ್ತು ಊಟವನ್ನೇ ಬಿಡುತ್ತಾರೆ. ಇದರಲ್ಲಿ ಜಾಣರೂ ಇದ್ದಾರೆ. ನಮ್ಮ ಪಕ್ಕದ ಮನೆಯ ಭೂಪಾಲ ಕಾಕಾ ನನಗೆ ತಿಳಿವಳಿಕೆ ಬಂದಾಗಿನಿಂದ ಪ್ರತಿವರ್ಷ ಹಲಸಿನ ಹಣ್ಣು ಬಿಡುತ್ತಾರೆ. ನಮ್ಮ ಕಬ್ಬಿನ ಸೀಮೆಯಲ್ಲಿ ಹಲಸಿನ ಹಣ್ಣು ಕಾಣಬೇಕೆಂದರೆ ಬಸ್ಸು ಹತ್ತಿ ಬಹಳ ದೂರ ಹೋಗಬೇಕು, ಅದೂ ಮಳೆಗಾಲದಲ್ಲಿ ಹೋದರೆ ಸಿಕ್ಕೀತೆಂದಿಲ್ಲ. ಕೇಳಿದರೆ, "ಸಿಗೂದಿಲ್ಲ ಖರೆ, ಆದ್ರ ಸಿಕ್ರೂ ತಿನ್ನೂದಿಲ್ಲಲ್ಲೋ ತಮ್ಮಾ" ಎನ್ನುತ್ತಾರೆ. ಈ ತರ್ಕಕ್ಕೆ ಉತ್ತರ ಕೊಡುವ ಪಂಡಿತರು ನಮ್ಮೂರಿನಲ್ಲಿ ಇನ್ನೂ ಹುಟ್ಟಿಲ್ಲ.

ಆ ವರ್ಷ ಅವ್ವ ಬೆಲ್ಲ ಬಿಟ್ಟಳು. ಬೆಲ್ಲವಿಲ್ಲದೆ ಅವಳಿಗೆ ಊಟ ಊಟವೇ ಅಲ್ಲ. ಸುನಂದಾ ಚಹಾ ಬಿಟ್ಟಳು, ಎರಡನೆಯ ದಿನಕ್ಕೆ ತಲೆನೋವಿನಿಂದ ಹಣೆಗೆ ಬಟ್ಟೆ ಕಟ್ಟಿಕೊಂಡಳು. ನನ್ನ ಸರದಿ ಬಂದಾಗ ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ಮಗನೇ ಉಲ್ಟಾ ಪುಸ್ತಕ ಬಿಟ್ಟರೆ, ಅಷ್ಟು ಜನರ ಎದುರು ಬಿಟ್ಟರೆ, ಅವ್ವನಿಗೆ ನಾಚಿಕೆಯಾಗದೆ ಇದ್ದೀತೇ? ಅವ್ವ ಬಿಟ್ಟರೆ ಸುನಂದಾ ಯಾರಿಗೆ ಓದಿ ಹೇಳಬೇಕು? ದೀಪಾವಳಿಯ ಹೊತ್ತಿಗೆ ಇಬ್ಬರೂ ಅದನ್ನು ಮರೆತು ಮತ್ತೆ ನನ್ನ ಕಟಕಟೆಗೆ ಬಂದು ನಿಲ್ಲುತ್ತಾರೆ. ಕೈಮುಗಿದು ಹೇಳಿದೆ, "ಮಹಾರಾಜ, ನಮ್ಮ ಮನ್ಯಾಗ ಒಂದು ಚಿತ್ರದ ಕಥಿ ಪುಸ್ತಕ ಐತ್ರಿ. ದೀಪಾವಳಿ ತನಕಾ ಅದನ್ನ ಓದೂದಿಲ್ಲ." ಜನ ತಿರುಗಿ ನೋಡಿದರು. ಜನ ನೋಡಿದರೆ ಮಾಸ್ತರರಿಗೆ ಒಂದು ಹುಮ್ಮಸ್ಸು ಬರುತ್ತದೆ. "ಓದೂದಿಲ್ಲ, ನೋಡೂದಿಲ್ಲ, ಯಾರರ ಹೇಳಿದ್ರ ಕೇಳೂದೂ ಇಲ್ಲ" ಎಂದು ಸೇರಿಸಿದೆ. ಮಹಾರಾಜರು ನಸುನಕ್ಕು, "ವಿಚಾರ ಮಾಡಿ ಹೇಳ್ರಿ ಮಾಸ್ತರ್. ಆಗತೈತೇನು?" ಎಂದರು. "ಆಗತೈತ್ರಿ" ಎಂದೆ. ಅವರು ಕೈಯೆತ್ತಿ ಆಶೀರ್ವಾದ ಮಾಡಿದರು. ಭೂಪಾಲ ಕಾಕಾ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ್ದು, ಒಬ್ಬ ಕಲಾವಿದ ಇನ್ನೊಬ್ಬನನ್ನು ಮೆಚ್ಚಿಕೊಂಡ ಹಾಗಿತ್ತು.

ವಾರ ಕಳೆಯುವುದರೊಳಗೆ ನಿಪ್ಪಾಣಿಯಿಂದ ಎರಡನೆಯ ಚೀಲ ಬಂತು. ಊಟ ಮುಗಿಯಿತು. ಸುನಂದಾ ನಾಲ್ಕನೆಯ ಪುಸ್ತಕ ತಂದು ಚಾಪೆ ಹಾಸಿದಳು. ಅವ್ವನಿಗೆ ಈಗ ನಾಚಿಕೆಯಾಗುತ್ತದೆ ಎಂದು ನಾನು ಗೋಡೆಗೆ ಒರಗಿ ಕಾಯುತ್ತಿದ್ದೆ. ಅವ್ವ ಕನ್ನಡಕ ಏರಿಸಿಕೊಂಡು ನನ್ನ ಕಡೆ ತಿರುಗಿದಳು. "ನೀ ಏಳು. ನಿಂದು ನೇಮಾ ಐತಿ. ಇಲ್ಲಿ ಕುಂತ್ರ ಕಿವಿಗಿ ಬೀಳತೈತಿ. ಕಟ್ಟಿ ಮ್ಯಾಲ ಹೋಗಿ ಕುಂಡ್ರು" ಎಂದಳು. ನಾನು ಕಟ್ಟೆಗೆ ಬಂದೆ. ಹಿಂದಿನಿಂದ ಕದ ಮುಚ್ಚಿದ ಸದ್ದು ಕೇಳಿಸಿತು. ನನ್ನ ಮನೆಯ ಪಡಸಾಲೆಯಿಂದ ನನ್ನನ್ನೇ ಹೊರಗೆ ಹಾಕುವ ಏರ್ಪಾಡನ್ನು ನಾನೇ, ಊರಿನವರೆಲ್ಲರ ಸಮ್ಮುಖದಲ್ಲಿ, ಆಶೀರ್ವಾದ ಸಮೇತ ಮಾಡಿಕೊಂಡು ಬಂದಿದ್ದೆ.

ಮೊದಲ ಸಂಜೆ ಚಿಂತೆಯೇನೂ ಆಗಲಿಲ್ಲ. ಇನ್ನೊಂದು ಕತ್ತಿ ತಂದಿರುತ್ತಾನೆ, ಮತ್ತೆ ಕಡಿಯುತ್ತಾನೆ, ಕೇಳುವುದೇನಿದೆ ಎಂದುಕೊಂಡೆ. ಎರಡನೆಯ ಸಂಜೆ ಒಳಗೆ ಎಂದಿನ ಅರಚಾಟವಿಲ್ಲ. ರಾಕ್ಷಸ ಬಿದ್ದಾಗ ಸುನಂದಾ ಮಾಡುತ್ತಿದ್ದ ಧಡಾರ್ ಸದ್ದೂ ಇಲ್ಲ. ಮೆಲ್ಲಗಿನ ಮಾತು, ನಡುವೆ ನಿಶ್ಶಬ್ದ. ಮೂರನೆಯ ಸಂಜೆ ಅವ್ವ ಅತ್ತಳು. ಅಪ್ಪ ತೀರಿಕೊಂಡ ಮೇಲೆ ಅವ್ವ ಅತ್ತದ್ದನ್ನು ನಾನು ಕೇಳಿರಲಿಲ್ಲ. ಗಾಬರಿಯಿಂದ ಕದ ತಟ್ಟಿದರೆ ಸುನಂದಾ ಅಡ್ಡ ಬಂದಳು. ಅವಳ ಕಣ್ಣೂ ಕೆಂಪು. "ಏನಾತು?" ಎಂದೆ. "ಏನೂ ಆಗಿಲ್ರಿ, ಪುಸ್ತಕದಾಗ..." ಎಂದವಳು ನಾಲಿಗೆ ಕಚ್ಚಿಕೊಂಡು, "ಬ್ಯಾಡ್ರಿ. ನಿಮ್ಮ ನೇಮಾ ಮುರದ ಪಾಪ ನನಗ್ಯಾಕ?" ಎಂದು ಕದ ಹಾಕಿದಳು. ಮರುದಿನ ಬೆಳಿಗ್ಗೆ ಬಸದಿಗೆ ಹೋಗುವ ದಾರಿಯಲ್ಲಿ ಅವ್ವ ತನ್ನಷ್ಟಕ್ಕೇ, "ಈಗ ಬಂತು ನೋಡು ಕಥಿ ದಾರಿಗೆ. ಕತ್ತಿ ಮುರಿದಿದ್ದ ಚಲೋ ಆತು" ಎಂದುಕೊಂಡಳು. ನಾನು ಪಕ್ಕದಲ್ಲೇ ನಡೆಯುತ್ತಿದ್ದೆ. ಕತ್ತಿ ಮುರಿದು ಏನಾಯಿತು? ಅದನ್ನು ಕೇಳುವ ಹಾಗಿಲ್ಲ. ಕೇಳುವುದಿಲ್ಲ ಎಂದು ಸೇರಿಸಲು ನನಗೆ ಯಾರು ಹೇಳಿದ್ದರು?

ಆ ಮಳೆಗಾಲ ನಾನು ಕಟ್ಟೆಯ ಮೇಲೆ ಕೂತು ಪಟ್ಟ ಹೊಟ್ಟೆಕಿಚ್ಚಿಗೆ ನಮ್ಮ ಸೀಮೆಯ ಗಾಣದ ಒಲೆಗಳೆಲ್ಲ ಉರಿಯಬಹುದಿತ್ತು. ಮೊದಲು ಪುಸ್ತಕದ ಮೇಲಿದ್ದ ಸಿಟ್ಟು ಈಗ ಓದುವವರ ಮೇಲೆ ತಿರುಗಿತು. ಮೊದಲ ಮೂರನ್ನು ನುಂಗಿದವನು ನಾನೂ ಅಲ್ಲವೇ? ಕಷ್ಟದಲ್ಲಿ ಜೊತೆಗಿದ್ದವನನ್ನು ಹಬ್ಬದ ದಿನ ಹೊರಗೆ ಕೂರಿಸಿದ ಹಾಗಾಯಿತು. ಒಳಗಿನಿಂದ ನಗು ಬಂದರೆ ಯಾಕೆ ನಕ್ಕರು ಎಂಬ ಯೋಚನೆ, ನಗು ಬರದಿದ್ದರೆ ಯಾಕೆ ನಗುತ್ತಿಲ್ಲ ಎಂಬ ಯೋಚನೆ. ಅವ್ವ ರೊಟ್ಟಿ ತಟ್ಟುತ್ತ ಥಟ್ಟನೆ ನಿಂತು, "ಅಲ್ಲ ಬೇ, ಆ ಅಂಬಿಗರ ಮುದುಕಿಗೆ ಮೊದಲ ಗೊತ್ತಿತ್ತೇನು?" ಎನ್ನುವಳು. ಸುನಂದಾ ಸನ್ನೆ ಮಾಡಿ ನನ್ನ ಕಡೆ ತೋರಿಸುವಳು. ಅವ್ವ ಮತ್ತೆ ರೊಟ್ಟಿಗೆ ಕೈ ಹಾಕುವಳು. ಯಾವ ಅಂಬಿಗರ ಮುದುಕಿ? ಮೂರನೆಯ ಪುಸ್ತಕದವರೆಗೆ ಅಂಥ ಮುದುಕಿಯೇ ಇರಲಿಲ್ಲ. ಅವಳಿಗೆ ಏನು ಗೊತ್ತಿತ್ತು? ಅಥಣಿಯ ನನ್ನ ಹೈಸ್ಕೂಲಿನಲ್ಲಿ ಸಂಧಿ ಸಮಾಸ ಕಲಿಸುವಾಗ ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಾನು ಆ ಮುದುಕಿಯ ಬಗ್ಗೆಯೇ ವಿಚಾರ ಮಾಡುತ್ತ ನಿಂತದ್ದುಂಟು. ಕೃಷ್ಣೆಯ ದಂಡೆಯ ಊರು ಅವ್ವನ ತವರು, ರಾಯಬಾಗ ತಾಲೂಕಿನದು. ಸಣ್ಣವಳಿದ್ದಾಗ ದೋಣಿಯಲ್ಲಿ ಹೊಳೆ ದಾಟಿದವಳು. ತನ್ನ ಹಳೆಯ ದೋಣಿಯ ಕಥೆಗಳನ್ನೆಲ್ಲ ಅವಳು ಈಗ ಸುನಂದಾಳಿಗೆ ಹೇಳುತ್ತಿದ್ದಳು. ಆ ಕಥೆಗಳನ್ನು ಕೇಳಿಸಿಕೊಳ್ಳುವ ಹಕ್ಕು ಇಷ್ಟು ವರ್ಷ ನನ್ನೊಬ್ಬನದಾಗಿತ್ತು. ನಿಜ ಹೇಳಬೇಕೆಂದರೆ ನಾನು ಅವನ್ನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಆದರೂ ಹಕ್ಕು ಹಕ್ಕೇ.

ನಿಪ್ಪಾಣಿಯ ತೊಟ್ಟಿಲ ಕಾರ್ಯಕ್ರಮದಲ್ಲಂತೂ ನನ್ನ ಮಾನ ಹರಾಜಾಯಿತು. ಸುನಂದಾಳ ತಂಗಿಯ ಮನೆಯಲ್ಲಿ ಹೆಂಗಸರೆಲ್ಲ ಗುಂಪಾಗಿ ಕೂತು ಕಣ್ಣರಳಿಸಿ ಮಾತನಾಡುತ್ತಿದ್ದರು. ಆ ಕೊಲ್ಲಾಪುರದ ಹುಡುಗಿ ನಡುವೆ ನಿಂತು ಕೈಯಾಡಿಸಿ ಏನೋ ಹೇಳುತ್ತಿದ್ದಳು. ನಾನು ಒಳಗೆ ಕಾಲಿಟ್ಟೆ. ಮಾತು ನಿಂತುಹೋಯಿತು. ಅವ್ವ ಅಭಿಮಾನದಿಂದ, "ನನ್ನ ಮಗಂದು ನೇಮಾ ಐತ್ರಿ, ಅವನ ಮುಂದ ಆ ಮಾತು ತಗೀಬ್ಯಾಡ್ರಿ" ಎಂದಳು. ಒಬ್ಬ ಅಜ್ಜಿ ಎದ್ದು ಬಂದು, ಇಂಥ ಮಗನನ್ನು ಹೆತ್ತದ್ದಕ್ಕೆ ಅವ್ವನ ಕೈ ಹಿಡಿದುಕೊಂಡಳು. ಆ ಹುಡುಗಿ ನನ್ನನ್ನು ಕರುಣೆಯಿಂದ ನೋಡಿ, "ಕಾಕಾ, ನಿಮಗ ಭಾಳ ಮಿಸ್ ಆತ್ರಿ" ಎಂದಳು. ಆ ಕರುಣೆಯ ಬದಲು ನನ್ನ ಬೆನ್ನಿಗೆ ಎರಡು ಹೊಡೆದಿದ್ದರೂ ನಾನು ಸಹಿಸಿಕೊಳ್ಳುತ್ತಿದ್ದೆ. ಒಬ್ಬನೇ ಅಂಗಳಕ್ಕೆ ಬಂದು, ಗಂಡಸರು ತಂಬಾಕಿನ ದರ ಮಾತನಾಡುತ್ತಿದ್ದಲ್ಲಿ ಕೂತು, ಅವರಿಗೆ ಹೂಂಗುಟ್ಟಿದೆ.

ನೇಮ ಮುರಿಯುವ ಅವಕಾಶ ಬರಲಿಲ್ಲವೆಂದಲ್ಲ. ಒಂದು ಭಾನುವಾರ ಸುನಂದಾ ಶಿಕ್ಷಕರ ತರಬೇತಿಗೆಂದು ಚಿಕ್ಕೋಡಿಗೆ ಹೋಗಿದ್ದಳು. ಮಧ್ಯಾಹ್ನ. ಅವ್ವ ಒಳಕೋಣೆಯಲ್ಲಿ ಅಡ್ಡಾಗಿದ್ದಳು, ಗೊರಕೆ ಕೇಳುತ್ತಿತ್ತು. ನಾಲ್ಕನೆಯ ಪುಸ್ತಕ ಕಪಾಟಿನಲ್ಲಿ ನನ್ನನ್ನೇ ನೋಡುತ್ತಿತ್ತು. ಎದ್ದು ಹೋಗಿ ಕೈಗೆ ತೆಗೆದುಕೊಂಡೆ. ಹೊದಿಕೆಯ ಮೇಲೆ ದೋಣಿ, ದೋಣಿಯಲ್ಲಿ ಬೆನ್ನು ತಿರುಗಿಸಿ ಕೂತ ಆ ಹುಡುಗ. ಅವನ ತೊಡೆಯ ಮೇಲೆ ಏನೋ ಸಣ್ಣದು, ಬಟ್ಟೆಯಲ್ಲಿ ಸುತ್ತಿದ್ದು. ಒಂದು ಹಾಳೆ ತಿರುವಿದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ಭೂಪಾಲ ಕಾಕಾ ಆಗಿದ್ದರೆ ಇದಕ್ಕೂ ಒಂದು ತರ್ಕ ಹುಡುಕುತ್ತಿದ್ದರು. ನನಗೆ ಒಂದೂ ಹೊಳೆಯಲಿಲ್ಲ. ಎಷ್ಟು ಹೊತ್ತು ನಿಂತೆನೋ, ಕೊನೆಗೆ ಅದನ್ನು ಅದರ ಜಾಗದಲ್ಲೇ ಇಟ್ಟು ಬಂದು ಕೂತೆ. ಭಕ್ತಿಯೋ, ಮಹಾರಾಜರ ಆ ನಸುನಗುವಿನ ಭಯವೋ, ನನಗೇ ತಿಳಿಯದು. ಒಂದು ಕೆಲಸ ಸರಿಯಾಗಿ ಮಾಡಿದಾಗ ಆಗುವ ಸಂತೋಷವಂತೂ ಆಗಲಿಲ್ಲ. ಅಳು ಬರುವ ಹಾಗಿತ್ತು.

ಗೊರಕೆ ನಿಂತು ಬಹಳ ಹೊತ್ತಾಗಿದ್ದು ಆಗ ನನ್ನ ಗಮನಕ್ಕೆ ಬಂತು. ಅವ್ವ ಒಳಗಿನಿಂದಲೇ, "ಇಟ್ಟಿ?" ಎಂದಳು. "ಇಟ್ಟೆ" ಎಂದೆ. ಹೊರಗೆ ಬಂದು ನನ್ನ ಎದುರು ಕೂತಳು. "ಆವತ್ತು ಮಹಾರಾಜರ ಮುಂದ ನೀ ಬಿಟ್ಟಿದ್ದು ಏನ ಅಂತ ನನಗ ಗೊತ್ತಿಲ್ಲೇನು? ಅದು ಭೂಪಾಲನ ಹಲಸಿನ ಹಣ್ಣ. ನಾ ಬೆಲ್ಲಾ ಬಿಟ್ಟೆ, ಅಕಿ ಚಹಾ ಬಿಟ್ಟು ತಲಿ ಹಿಡಕೊಂಡು ಕುಂತಳು. ನೀ ಬ್ಯಾಡಾದದ್ದ ಬಿಟ್ಟು ಎಲ್ಲಾರ ಮುಂದ ದೊಡ್ಡಾವ ಆದಿ. ನನಗ ಭಾಳ ಸಿಟ್ಟ ಬಂದಿತ್ತು. ಅದಕ್ಕ ದಿನಾ ನಿನ್ನ ಹೊರಗ ಹಾಕಿದೆ." ಅವ್ವ ಎದ್ದು ನನ್ನ ತಲೆಯ ಮೇಲೆ ಕೈಯಿಟ್ಟಳು. "ಇವತ್ತು ಖರೇ ನೇಮಾ ಆತು. ಸುರುವಿಗೆ ಸುಳ್ಳ ಇದ್ರೇನು, ಈಗ ಆತಲ್ಲ" ಎಂದಳು. ನನಗೆ ಆ ಮಾತು ಹಿತವಾಯಿತು. ಆದರೆ ಅಂದು ಸಂಜೆ ಊಟವಾದ ಮೇಲೆ ಅವ್ವ ಎಂದಿನಂತೆ ನನ್ನನ್ನು ಹೊರಗೆ ಕಳಿಸಿ ಕದ ಹಾಕಿಕೊಂಡಳು. ಸುನಂದಾ ಊರಲ್ಲಿಲ್ಲದ ದಿನ ಅವಳೊಬ್ಬಳೇ ಕೂತು ಚಿತ್ರ ನೋಡಿದಳು.

ದೀಪಾವಳಿ ಬಂತು. ಬೆಳಿಗ್ಗೆ ಬಸದಿಯಲ್ಲಿ ತೀರ್ಥಂಕರರ ನಿರ್ವಾಣದ ದಿನದ ಲಾಡು ಅರ್ಪಿಸಿ ಎಲ್ಲರೂ ನೇಮ ಬಿಟ್ಟರು. ಅವ್ವ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಸುನಂದಾ ದೊಡ್ಡ ಲೋಟದ ತುಂಬ ಚಹಾ ಮಾಡಿಕೊಂಡಳು. ಹಬ್ಬದ ಅಡುಗೆಯಲ್ಲಿ ಇಬ್ಬರೂ ಮುಳುಗಿರುವ ಹೊತ್ತಿಗೆ ನಾನು ನಾಲ್ಕನೆಯ ಪುಸ್ತಕವನ್ನೂ ಅದರ ಮುಂದಿನವನ್ನೂ ಅಂಗಿಯೊಳಗೆ ಸೇರಿಸಿಕೊಂಡು ಮಾಳಿಗೆ ಹತ್ತಿದೆ. ಇಳಿದು ಬಂದಾಗ ಮಧ್ಯಾಹ್ನ ಬಹಳ ಜಾರಿತ್ತು. ಎಲ್ಲ ಓದಿ ಮುಗಿಸಿದ್ದೆ. ಕತ್ತಿ ಮುರಿದುಕೊಂಡು ಓಡುತ್ತಿದ್ದ ಹುಡುಗನನ್ನು ಒಬ್ಬ ಅಂಬಿಗರ ಮುದುಕಿ ತನ್ನ ದೋಣಿಯಲ್ಲಿ ಹತ್ತಿಸಿಕೊಳ್ಳುತ್ತಾಳೆ. ದೋಣಿಯ ತಳದಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿದೆ ಒಂದು ರಾಕ್ಷಸರ ಕೂಸು. ಅವನು ಕಡಿದುಹಾಕಿದವರ ಪೈಕಿ ಯಾರದೋ. ಅದು ಮುದುಕಿಗೆ ಮೊದಲೇ ಗೊತ್ತಿತ್ತೇ ಎಂಬುದೇ ಅವ್ವನ ಆ ಪ್ರಶ್ನೆ. ಆ ಕೂಸನ್ನು ಆಕಾಶದ ಹೊಳೆಯ ಆಚೆ ದಂಡೆಗೆ, ಅದರ ಅಜ್ಜಿಯ ಹತ್ತಿರ ಮುಟ್ಟಿಸಬೇಕು. ದೋಣಿಗೆ ಹುಟ್ಟು ಹಾಕುವವನು ಆ ಹುಡುಗನೇ. ಆ ಕೂಸು ನಿದ್ದೆಯಲ್ಲಿ ಅವನ ಬೆರಳು ಹಿಡಿದುಕೊಂಡ ಪುಟದಲ್ಲಿ ನಾನೂ ಅತ್ತೆ. ಮೊದಲ ಮೂರರಲ್ಲಿ ಅವನು ಅಷ್ಟು ಅರಚಿರದಿದ್ದರೆ ಇಲ್ಲಿ ಅವನ ಮೌನ ಇಷ್ಟು ಭಾರವಾಗುತ್ತಿರಲಿಲ್ಲ ಎಂದು ಮಾಸ್ತರನಾದ ನಾನು ಒಪ್ಪಿಕೊಳ್ಳಬೇಕಾಯಿತು. ಮುಖ ತೊಳೆದುಕೊಂಡು, ಪುಸ್ತಕಗಳನ್ನು ಅವುಗಳ ಜಾಗಕ್ಕೆ ಸೇರಿಸಿ, ಏನೂ ತಿಳಿಯದವನ ಹಾಗೆ ಬಂದು ಊಟಕ್ಕೆ ಕೂತೆ.

ಊಟವಾಯಿತು. ಪಾತ್ರೆ ಬೋರಲಾದವು. ನಾನು ಅಭ್ಯಾಸಬಲದಿಂದ ಎದ್ದು ಕಟ್ಟೆಯ ಕಡೆ ಹೊರಟೆ. "ಎಲ್ಲಿ ಹೊಂಟಿ? ಬಾ ಇಲ್ಲೆ" ಎಂದಳು ಅವ್ವ. ಚಾಪೆಯ ನಡುವೆ ನನಗೆ ಜಾಗ ಬಿಟ್ಟಿದ್ದರು. ಸುನಂದಾ ನಾಲ್ಕನೆಯ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, "ಇಷ್ಟ ದಿನಾ ನಿಮಗ ಹೇಳಲಾರದ ನಮ್ಮಿಬ್ಬರ ಹೊಟ್ಟಿ ಉಬ್ಬಿತ್ರಿ. ಓದ್ರಿ. ನಾವೇನೂ ಹೇಳೂದಿಲ್ಲ, ನಿಮ್ಮ ಮಾರಿ ನೋಡ್ತೇವಿ" ಎಂದಳು. ಒಂದು ಕಡೆ ಅವ್ವ, ಒಂದು ಕಡೆ ಅವಳು. ಇಬ್ಬರೂ ಪುಸ್ತಕದ ಕಡೆ ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದರು. ಮಳೆಗಾಲವೆಲ್ಲ ಯಾವುದಕ್ಕಾಗಿ ಉರಿದುಹೋಗಿದ್ದೆನೋ ಅದು ತಾನಾಗಿ ಬಂದು ನನ್ನ ಎರಡೂ ಪಕ್ಕದಲ್ಲಿ ಕೂತಿತ್ತು. ಇಂಥ ಹೊತ್ತಿನಲ್ಲಿ, ಇದನ್ನು ನಾನು ಮಧ್ಯಾಹ್ನವೇ ಓದಿದ್ದೇನೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಿದ್ದರೆ ಇಬ್ಬರೂ ಎದ್ದು ಒಳಗೆ ಹೋಗಿಬಿಡುತ್ತಿದ್ದರು.

ಅಂದಿನಿಂದ ದಿನವೂ ಸಂಜೆ ನಾನು ಓದುತ್ತಿದ್ದೇನೆ. ಬಹಳ ನಿಧಾನವಾಗಿ. ಒಂದು ಚಿತ್ರದ ಮುಂದೆ ಗಲ್ಲಕ್ಕೆ ಕೈಯಿಟ್ಟು ಎಷ್ಟು ಹೊತ್ತು ಕೂರಬಹುದೋ ಅಷ್ಟು ಹೊತ್ತು ಕೂರುತ್ತೇನೆ. "ಮುಂದ ಏನಾಗಬಹುದು ಹೇಳು" ಎಂದು ಅವ್ವ ಕೇಳುತ್ತಾಳೆ. ನಾನು ಬೇಕೆಂದೇ ತಪ್ಪು ಹೇಳುತ್ತೇನೆ. ಇಬ್ಬರೂ ಒಬ್ಬರಿಗೊಬ್ಬರು ಕಣ್ಣು ಹೊಡೆದುಕೊಂಡು ನಗುತ್ತಾರೆ. ಶೇಂಗಾ ಬರುತ್ತದೆ, ಬೆಲ್ಲ ಬರುತ್ತದೆ. ಕೋರ್ಟಿನ ಕಾಲದಲ್ಲಿ ಕೂಡ ನನಗೆ ಇಷ್ಟು ಮರ್ಯಾದೆ ಇರಲಿಲ್ಲ.

ನಿನ್ನೆ ಕೂಸು ಬೆರಳು ಹಿಡಿಯುವ ಪುಟ ಹತ್ತಿರ ಬಂದಿತ್ತು. ನೀರು ಕುಡಿದು ಬರುತ್ತೇನೆಂದು ಎದ್ದು ಒಳಗೆ ಹೋದೆ. ಪಡಸಾಲೆಯ ಪಿಸುಮಾತು ಅಡುಗೆಮನೆಗೆ ಸ್ಪಷ್ಟವಾಗಿ ಕೇಳಿಸುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ. ಇಷ್ಟು ದಿನ ಕಟ್ಟೆಯ ಮೇಲೆ ಕೂತಿದ್ದ ನನಗೂ ಗೊತ್ತಿರಲಿಲ್ಲ. ಸುನಂದಾ ಹೇಳುತ್ತಿದ್ದಳು: "ಅತ್ತಿ, ಇವ್ರು ಎಲ್ಲಾ ಓದಿ ಮುಗಿಸ್ಯಾರ್ರಿ. ಹಾಳಿ ತಿರುವೂಕಿಂತ ಮೊದಲ ಕಣ್ಣಾಗ ನೀರ ತರಾಕತ್ತಾರ." ಅವ್ವ ಎಂದಳು: "ನನಗ ಹಬ್ಬದ ದಿನಾನ ಗೊತ್ತೈತಿ ಬೇ, ಮಾಳಿಗಿಂದ ಇಳದು ಬಂದಾಗ ಮಾರಿ ನೋಡೇನಿ. ಸುಮ್ನಿರು, ಹೇಳಬ್ಯಾಡ. ಆ ಪುಸ್ತಕಕ್ಕಿಂತ ಇವನ ನಾಟಕಾನ ಚಲೋ ಐತಿ."

ಇಬ್ಬರ ನಡುವೆ ಮತ್ತೆ ಒಂದು ಗುಟ್ಟು ಹುಟ್ಟಿದೆ, ನಾನು ಮತ್ತೆ ಹೊರಗೆ. ಆದರೆ ಈ ಸಲದ ಗುಟ್ಟು ನನ್ನದೇ ಆದ್ದರಿಂದ ಹೊಟ್ಟೆಕಿಚ್ಚು ಪಡಲು ನನಗೆ ದಾರಿ ಕಾಣಲಿಲ್ಲ. ನೀರು ಕುಡಿದೆ, ಬಾಯಿ ಒರೆಸಿಕೊಂಡೆ, ಬಂದು ಇಬ್ಬರ ನಡುವೆ ನನ್ನ ಜಾಗದಲ್ಲಿ ಕೂತೆ. ಇಬ್ಬರೂ ನನ್ನ ಮುಖ ನೋಡಿದರು. ಈ ಸಲ ಮಾತ್ರ ಎಚ್ಚರಿಕೆಯಿಂದ ಮೊದಲು ಹಾಳೆ ತಿರುವಿದೆ, ಆಮೇಲೆ ಅತ್ತೆ.